ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ಬದಲಾಯಿಸುವ ಕ್ರಮ

ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್‌ಗಳನ್ನು ಸ್ವತಃ ಬದಲಾಯಿಸಿ ಕೈ ಪಳಗಿದ ಓದುಗರು ಹಿಂದಿನ ಚಕ್ರದ ಬಳಿಗೆ ಬಂದಾಗ ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: "ಪಿಸ್ಟನ್ ಒಳಕ್ಕೆ ಹೋಗುತ್ತಿಲ್ಲ, ಇನ್ನೂ ಜೋರಾಗಿ ಒತ್ತಬಹುದೇ?" ಒತ್ತಬಾರದು. ನಿಮ್ಮ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯ ಬದಲು ಒಂದು ಪುಟ್ಟ ಗುಂಡಿ ಇದ್ದರೆ, ಆ ಪಿಸ್ಟನ್ ಒಳಗೆ ಹೋಗದಿರಲು ತುಕ್ಕಾಗಲಿ ಕೊಳೆಯಾಗಲಿ ಕಾರಣವಾಗಿರಬೇಕಿಲ್ಲ. ಅದರ ಹಿಂದೆ ಒಂದು ಲೋಹದ ನಟ್ ಅಡ್ಡ ನಿಂತಿರುತ್ತದೆ, ಮತ್ತು ಆ ನಟ್ಟನ್ನು ಹಿಂದಕ್ಕೆ ಕರೆಸಿಕೊಳ್ಳುವ ಕೆಲಸವನ್ನು ಕಾರಿನ ಕಂಪ್ಯೂಟರ್ ಮೂಲಕವೇ ಮಾಡಿಸಬೇಕು. ಈ ಒಂದು ಸಂಗತಿಯನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ಸಾಮಾನ್ಯ ಪ್ಯಾಡ್ ಬದಲಾವಣೆಯಂತೆಯೇ ಇರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚಿನ ಜಾಗ ಆ ನಟ್‌ಗೆ ಮೀಸಲು.

ಬ್ರೇಕ್ ಎಂದರೆ ಜೀವದ ಪ್ರಶ್ನೆ. ಈ ಮೊದಲು ಯಾವ ಚಕ್ರದ ಪ್ಯಾಡ್ ಅನ್ನೂ ಬದಲಾಯಿಸಿ ಅನುಭವವಿಲ್ಲದವರು ಮೊದಲ ಸಲ ಈ ಕೆಲಸಕ್ಕೆ ಕೈಹಾಕಬಾರದು, ಮುಂದಿನ ಚಕ್ರಗಳಲ್ಲಿ, ಬಲ್ಲವರ ಎದುರಿನಲ್ಲಿ ಕಲಿಯುವುದೇ ಸರಿ.

ಕ್ಯಾಲಿಪರ್ ಒಳಗೆ ಏನಾಗುತ್ತದೆ?

ಕ್ಯಾಲಿಪರ್ ಎಂದರೆ ಡಿಸ್ಕ್‌ನ ಎರಡೂ ಬದಿಗೆ ಪ್ಯಾಡ್‌ಗಳನ್ನು ಒತ್ತಿ ಹಿಡಿಯುವ ಲೋಹದ ಕವಚ. ಅದರೊಳಗೆ ಪಿಸ್ಟನ್ ಇರುತ್ತದೆ. ಕಾಲಿನಿಂದ ಬ್ರೇಕ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡವು ಪಿಸ್ಟನ್ ಅನ್ನು ಹೊರಕ್ಕೆ ತಳ್ಳುತ್ತದೆ, ಪಿಸ್ಟನ್ ಒಳಬದಿಯ ಪ್ಯಾಡ್ ಅನ್ನು ಡಿಸ್ಕ್‌ಗೆ ಒತ್ತುತ್ತದೆ, ಅದರ ಪ್ರತಿಕ್ರಿಯೆಯಾಗಿ ಇಡೀ ಕ್ಯಾಲಿಪರ್ ಸ್ಲೈಡ್ ಪಿನ್‌ಗಳ ಮೇಲೆ ಸರಿದು ಹೊರಬದಿಯ ಪ್ಯಾಡ್ ಅನ್ನೂ ಎಳೆದು ತಾಗಿಸುತ್ತದೆ. ಹಿಂದೆ ಡಿಸ್ಕ್ ಬ್ರೇಕ್ ಇರುವ ಹೆಚ್ಚಿನ ಕಾರುಗಳಲ್ಲಿ ಇದೇ ವ್ಯವಸ್ಥೆ.

ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್‌ನಲ್ಲಿ ಈ ಕ್ಯಾಲಿಪರ್‌ನ ಬೆನ್ನಿಗೆ ಒಂದು ಚಿಕ್ಕ ಮೋಟರನ್ನು ಕೂರಿಸಿರುತ್ತಾರೆ. ಗುಂಡಿ ಎಳೆದಾಗ ಮೋಟರು ತಿರುಗಿ, ಗಿಯರ್‌ಗಳ ಮೂಲಕ ಥ್ರೆಡ್ ಇರುವ ಒಂದು ದಂಡವನ್ನು ತಿರುಗಿಸುತ್ತದೆ. ಈ ದಂಡಕ್ಕೆ ಸ್ಪಿಂಡಲ್ ಎನ್ನುತ್ತಾರೆ. ಅದರ ಮೇಲಿರುವ ನಟ್‌ಗೆ ತಿರುಗಲು ಅವಕಾಶವಿಲ್ಲದ ಕಾರಣ ಅದು ಮುಂದಕ್ಕೆ ಸರಿದು, ಟೊಳ್ಳಾದ ಪಿಸ್ಟನ್‌ನ ಒಳತಳಕ್ಕೆ ತಾಗಿ ಅದನ್ನು ತಳ್ಳುತ್ತದೆ. ಪ್ಯಾಡ್ ಡಿಸ್ಕನ್ನು ಬಿಗಿಯಾಗಿ ಹಿಡಿದಾಗ ಮೋಟರು ಎಳೆಯುವ ಕರೆಂಟು ಏರುತ್ತದೆ. ಎಷ್ಟು ಬಿಗಿಯಾಯಿತು ಎಂಬುದನ್ನು ಕಂಟ್ರೋಲ್ ಯೂನಿಟ್, ಅಂದರೆ ಈ ಬ್ರೇಕನ್ನು ನಡೆಸುವ ಕಂಪ್ಯೂಟರ್, ಈ ಏರಿಕೆಯಿಂದಲೇ ಅಂದಾಜು ಮಾಡಿ ಮೋಟರನ್ನು ನಿಲ್ಲಿಸುತ್ತದೆ.

ಬ್ರೇಕ್ ಬಿಡಿಸಿದಾಗ ನಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಚಕ್ರ ಸಲೀಸಾಗಿ ತಿರುಗಲು ಬೇಕಾದಷ್ಟು ಮಾತ್ರ ಸರಿದು ನಿಲ್ಲುತ್ತದೆ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೆ ಬರುತ್ತದೆ, ನಟ್ ಅದರ ಬೆನ್ನು ಹಿಡಿದು ಮುಂದೆ ಬರುತ್ತದೆ. ಹೀಗಾಗಿ ಪ್ಯಾಡ್ ಬದಲಾಯಿಸುವ ಹೊತ್ತಿಗೆ ನಟ್ ಬಹಳ ಮುಂದಿರುತ್ತದೆ. ಈ ಸ್ಥಿತಿಯಲ್ಲಿ ಪಿಸ್ಟನ್ ಅನ್ನು ಕ್ಲಾಂಪ್ ಹಾಕಿ ಒತ್ತಿದರೆ ಅದು ನಟ್‌ಗೆ ಬಡಿದು ನಿಲ್ಲುತ್ತದೆ. ಆ ಥ್ರೆಡ್‌ನ ರಚನೆಯೇ ಎದುರಿನಿಂದ ತಳ್ಳಿದರೆ ಹಿಂದಕ್ಕೆ ತಿರುಗದಂತೆ ಇರುತ್ತದೆ, ಇಲ್ಲದಿದ್ದರೆ ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಕರೆಂಟಿಲ್ಲದೆ ನಿಲ್ಲುತ್ತಲೇ ಇರಲಿಲ್ಲ. ನೀವು ಹಾಕುವ ಬಲವೆಲ್ಲ ಥ್ರೆಡ್ ಮತ್ತು ಗಿಯರ್‌ಗಳ ಮೇಲೆ ಬೀಳುತ್ತದೆ, ಕೊನೆಗೆ ಪ್ಯಾಡ್‌ನ ಬದಲಿಗೆ ಇಡೀ ಕ್ಯಾಲಿಪರ್ ಕೊಳ್ಳಬೇಕಾಗುತ್ತದೆ.

ನಿಮ್ಮ ಕಾರಿನದು ಯಾವ ಬಗೆ?

ಗುಂಡಿ ಇರುವ ಕಾರುಗಳೆಲ್ಲ ಒಂದೇ ಬಗೆಯವಲ್ಲ. ಹಿಂದಿನ ಚಕ್ರದ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ಕ್ಯಾಲಿಪರ್‌ನ ಬೆನ್ನಿಗೆ ಅಂಟಿಕೊಂಡಂತೆ ಕಪ್ಪು ಪ್ಲಾಸ್ಟಿಕ್‌ನ ದಪ್ಪ ಡಬ್ಬಿಯೂ ಅದಕ್ಕೆ ವೈರ್‌ನ ಕನೆಕ್ಟರ್ ಕೂಡ ಕಂಡರೆ ಮೋಟರು ಕ್ಯಾಲಿಪರ್ ಮೇಲೆಯೇ ಇದೆ ಎಂದರ್ಥ. ಇಂದು ಹೆಚ್ಚಾಗಿ ಕಾಣುವುದು ಇದೇ ಬಗೆ, ಈ ಲೇಖನದ ಹಂತಗಳು ಇದಕ್ಕೇ ಅನ್ವಯಿಸುತ್ತವೆ.

ಅಲ್ಲಿ ಮೋಟರಿನ ಬದಲು ಸನ್ನೆಯಂಥ ಲೋಹದ ಕಡ್ಡಿ ಮತ್ತು ಅದಕ್ಕೆ ಸಿಕ್ಕಿಸಿದ ಕೇಬಲ್ ಕಂಡರೆ, ಕಾರಿನ ಅಡಿಯಲ್ಲೆಲ್ಲೋ ಇರುವ ಒಂದೇ ಮೋಟರು ಎರಡೂ ಕೇಬಲ್‌ಗಳನ್ನು ಎಳೆಯುತ್ತದೆ. ಅಂಥ ಕ್ಯಾಲಿಪರ್‌ಗಳ ಪಿಸ್ಟನ್ ಅನ್ನು ಸಾಮಾನ್ಯವಾಗಿ ಒತ್ತುತ್ತಲೇ ತಿರುಗಿಸಿ ಒಳಗೆ ಕಳಿಸಬೇಕಾಗುತ್ತದೆ, ಅದಕ್ಕೆ ಬೇರೆ ಉಪಕರಣ ಬೇಕು. ಮೂರನೆಯ ಬಗೆಯಲ್ಲಿ ಪಾರ್ಕಿಂಗ್ ಬ್ರೇಕ್‌ಗೂ ಪ್ಯಾಡ್‌ಗೂ ಸಂಬಂಧವೇ ಇಲ್ಲ, ಡಿಸ್ಕ್‌ನ ನಡುವಿನ ಡ್ರಮ್‌ನಂಥ ಭಾಗದೊಳಗೆ ಪ್ರತ್ಯೇಕ ಬ್ರೇಕ್ ಶೂಗಳಿರುತ್ತವೆ. ಅಲ್ಲಿ ಪ್ಯಾಡ್ ಬದಲಾವಣೆ ಮುಂದಿನ ಚಕ್ರದಷ್ಟೇ ಸರಳ.

ಏನೇನು ಬೇಕು?

ಎಲ್ಲಕ್ಕಿಂತ ಮೊದಲು ನಿಮ್ಮ ಕಾರಿನ, ಅದೇ ಮಾಡೆಲ್ ಮತ್ತು ಅದೇ ವರ್ಷದ ಸರ್ವೀಸ್ ಕೈಪಿಡಿಯ ಸಂಬಂಧಪಟ್ಟ ಪುಟಗಳು ಬೇಕು. ಎರಡನೆಯದು, ಪಾರ್ಕಿಂಗ್ ಬ್ರೇಕ್‌ನ ಕಂಟ್ರೋಲ್ ಯೂನಿಟ್ ಜೊತೆ ಮಾತಾಡಬಲ್ಲ ಸ್ಕ್ಯಾನರ್. ಡ್ಯಾಶ್‌ಬೋರ್ಡ್ ಕೆಳಗಿನ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಸಿಕ್ಕಿಸುವ ಈ ಉಪಕರಣಗಳಲ್ಲಿ ಅಗ್ಗದವು ಕೇವಲ ಎಂಜಿನ್‌ನ ದೋಷ ಸಂಕೇತಗಳನ್ನು ಓದುತ್ತವೆ, ಅವು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಕೊಳ್ಳುವ ಅಥವಾ ಎರವಲು ತರುವ ಮುನ್ನ, ನಿಮ್ಮ ಕಾರಿನಲ್ಲಿ ಅದು ಪಾರ್ಕಿಂಗ್ ಬ್ರೇಕನ್ನು ಸರ್ವೀಸ್ ಮೋಡ್‌ಗೆ (ನಟ್ಟನ್ನು ಪೂರ್ತಿ ಹಿಂದಕ್ಕೆ ಸರಿಸಿಡುವ ಸ್ಥಿತಿಗೆ, ವಿವರ ಹಂತ 3ರಲ್ಲಿ) ಒಯ್ಯಬಲ್ಲದೇ ಎಂದು ಪ್ರತ್ಯಕ್ಷ ಜೋಡಿಸಿ ನೋಡಿ. ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಿ ಚಕ್ರ ಬಿಚ್ಚಿದ ಮೇಲೆ ಪರದಾಡುವುದು ಬೇಡ.

ಬ್ಯಾಟರಿ ಚಾರ್ಜರ್ ಅನ್ನು ಅನೇಕರು ಅನಗತ್ಯ ಎಂದುಕೊಳ್ಳುತ್ತಾರೆ. ಇಗ್ನಿಷನ್ ಆನ್ ಮಾಡಿಟ್ಟು ಗಂಟೆಗಟ್ಟಲೆ ಕೆಲಸ ಮಾಡಿದಾಗ ಬ್ಯಾಟರಿ ಇಳಿಯುತ್ತದೆ, ವೋಲ್ಟೇಜ್ ಇಳಿದರೆ ಮೋಟರು ಅರ್ಧ ದಾರಿಯಲ್ಲಿ ನಿಂತು ಕಂಟ್ರೋಲ್ ಯೂನಿಟ್ ದೋಷ ದಾಖಲಿಸುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಚಾರ್ಜರ್ ಜೋಡಿಸಿಯೇ ಕೆಲಸ ಆರಂಭಿಸಿ.

ಉಳಿದದ್ದು ಪರಿಚಿತ ಸಾಮಗ್ರಿ: ಜಾಕ್, ಎರಡು ಗಟ್ಟಿ ಸ್ಟ್ಯಾಂಡ್‌ಗಳು, ಚಕ್ರಕ್ಕೆ ಕೊಡುವ ಅಡೆಗಳು, ಸಾಕೆಟ್ ಮತ್ತು ಸ್ಪ್ಯಾನರ್‌ಗಳು, ಟಾರ್ಕ್ ವ್ರೆಂಚ್, ಪಿಸ್ಟನ್ ಒತ್ತುವ ಕ್ಲಾಂಪ್, ತಂತಿ ಬ್ರಷ್, ಬ್ರೇಕ್ ಕ್ಲೀನರ್, ಕ್ಯಾಲಿಪರ್ ತೂಗುಹಾಕಲು ಕೊಕ್ಕೆ ಅಥವಾ ದಪ್ಪ ತಂತಿ, ಬ್ರೇಕ್‌ಗೆಂದೇ ತಯಾರಾದ ಹೆಚ್ಚು ಶಾಖ ತಾಳುವ ಗ್ರೀಸ್, ಕೈಗವಸು, ಕನ್ನಡಕ, ಮುಖಗವಸು. ಟಾರ್ಕ್ ವ್ರೆಂಚ್ ಎಂದರೆ ನಿಗದಿತ ಬಿಗಿತ ತಲುಪಿದಾಗ ಸೂಚನೆ ಕೊಡುವ ಸ್ಪ್ಯಾನರ್. ಇದರಲ್ಲಿ ರಾಜಿ ಬೇಡ. ಪ್ಯಾಡ್‌ಗಳನ್ನು ಒಂದೇ ಆಕ್ಸಲ್‌ನ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು, ಒಂದು ಬದಿ ಮಾತ್ರ ಸವೆದಿದ್ದರೂ ಸರಿಯೇ. ಪೊಟ್ಟಣದಲ್ಲಿ ಹೊಸ ಕ್ಲಿಪ್‌ಗಳೂ ಹೊಸ ಬೋಲ್ಟ್‌ಗಳೂ ಬಂದಿದ್ದರೆ ಅವನ್ನೇ ಬಳಸಿ.

ಹಂತ 1: ಕಾರನ್ನು ನಿಲ್ಲಿಸುವುದು

ಸಮತಟ್ಟಾದ, ಗಟ್ಟಿ ನೆಲದ ಮೇಲೆ ಕಾರನ್ನು ನಿಲ್ಲಿಸಿ. ಆಟೊಮ್ಯಾಟಿಕ್ ಆದರೆ ಪಿ ಸ್ಥಾನದಲ್ಲಿಡಿ, ಮ್ಯಾನ್ಯುಯಲ್ ಆದರೆ ಒಂದನೇ ಗಿಯರ್‌ನಲ್ಲಿಡಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಇದು ಕೇವಲ ಶಿಷ್ಟಾಚಾರವಲ್ಲ. ಸರ್ವೀಸ್ ಮೋಡ್‌ಗೆ ಹೋದ ಕ್ಷಣ ಕಾರಿಗೆ ಪಾರ್ಕಿಂಗ್ ಬ್ರೇಕ್ ಇರುವುದಿಲ್ಲ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಾದರೆ ಹಿಂಭಾಗವನ್ನು ಮೇಲೆತ್ತಿದಾಗ ಗಿಯರ್ ಕೂಡ ಕಾರನ್ನು ಹಿಡಿಯುವುದಿಲ್ಲ. ಆಗ ಉಳಿಯುವುದು ಆ ಅಡೆಗಳು ಮಾತ್ರ.

ಹಿಂದಿನ ಚಕ್ರದ ನಟ್‌ಗಳನ್ನು ಈ ಹಂತದಲ್ಲೇ, ಪಾರ್ಕಿಂಗ್ ಬ್ರೇಕ್ ಇನ್ನೂ ಹಿಡಿದಿರುವಾಗ, ಕಾಲು ಸುತ್ತು ಸಡಿಲಿಸಿಕೊಳ್ಳಿ. ನಂತರ ಚಕ್ರ ಸುತ್ತತೊಡಗುತ್ತದೆ, ಗಟ್ಟಿಯಾಗಿ ಕೂತ ನಟ್ ಬಿಚ್ಚುವುದು ತ್ರಾಸ.

ಹಂತ 2: ಬ್ರೇಕ್ ಆಯಿಲ್‌ನ ಮಟ್ಟ

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯನ್ನು ನೋಡಿ. ರೂಢಿಯ ಮಾತಿನಲ್ಲಿ ಆಯಿಲ್ ಎಂದರೂ ಇದು ಎಣ್ಣೆಯಲ್ಲ, ತೇವ ಹೀರುವ ರಾಸಾಯನಿಕ ದ್ರವ. ಇದರ ಜಾಗದಲ್ಲಿ ಎಂಜಿನ್ ಆಯಿಲ್‌ನಂಥ ಯಾವುದೇ ಖನಿಜ ಎಣ್ಣೆ ಬಿದ್ದರೆ ಬ್ರೇಕ್‌ನ ರಬ್ಬರ್ ಭಾಗಗಳೆಲ್ಲ ಉಬ್ಬಿ ಹಾಳಾಗುತ್ತವೆ. ಪಿಸ್ಟನ್ ಅನ್ನು ಒಳಗೆ ಒತ್ತಿದಾಗ ಇಲ್ಲಿ ಮಟ್ಟ ಏರುತ್ತದೆ. ಈಗಾಗಲೇ ಗರಿಷ್ಠ ಗೆರೆಯ ಹತ್ತಿರವಿದ್ದರೆ ಶುದ್ಧವಾದ ಸಿರಿಂಜ್‌ನಿಂದ ಸ್ವಲ್ಪ ತೆಗೆದಿಡಿ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಬಿದ್ದ ಕೂಡಲೇ ಸಾಕಷ್ಟು ನೀರು ಹಾಕಿ ತೊಳೆಯಬೇಕು.

ಹಂತ 3: ಸರ್ವೀಸ್ ಮೋಡ್

ಸರ್ವೀಸ್ ಮೋಡ್ ಎಂದರೆ ನಟ್ಟನ್ನು ಸ್ಪಿಂಡಲ್ ಮೇಲೆ ಪೂರ್ತಿ ಹಿಂದಕ್ಕೆ ಸರಿಸಿ, ಮುಂದಿನ ಆದೇಶ ಬರುವವರೆಗೆ ಪಾರ್ಕಿಂಗ್ ಬ್ರೇಕ್ ಹಾಕದಂತೆ ಕಂಟ್ರೋಲ್ ಯೂನಿಟ್ಟನ್ನು ತಡೆದಿಡುವ ಸ್ಥಿತಿ. ಕೆಲವು ತಯಾರಕರು ಇದನ್ನು ಮೇಂಟೆನೆನ್ಸ್ ಮೋಡ್ ಎಂದೂ ಪ್ಯಾಡ್ ಬದಲಾವಣೆ ಮೋಡ್ ಎಂದೂ ಕರೆಯುತ್ತಾರೆ. ಸುಮ್ಮನೆ ಗುಂಡಿ ಒತ್ತಿ ಬ್ರೇಕ್ ಬಿಡಿಸುವುದಕ್ಕೂ ಇದಕ್ಕೂ ಅಂತರವಿದೆ, ಅನೇಕರು ಎಡವುವುದು ಇಲ್ಲಿಯೇ. ಬಿಡಿಸಿದಾಗ ನಟ್ ಸರಿಯುವುದು ಚೂರೇ ಚೂರು ಎಂಬುದನ್ನು ಮೇಲೆ ನೋಡಿದ್ದೇವೆ.

ಸ್ಕ್ಯಾನರ್ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಪೆಡಲ್ ಬಿಟ್ಟರೂ ನಿಂತ ಕಾರನ್ನು ಹಿಡಿದಿಡುವ ಆಟೋ ಹೋಲ್ಡ್ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ, ನಂತರ ಸ್ಕ್ಯಾನರ್‌ನ ಪಟ್ಟಿಯಲ್ಲಿ ಪಾರ್ಕಿಂಗ್ ಬ್ರೇಕ್ ಅಥವಾ ಎಬಿಎಸ್ ಕಂಟ್ರೋಲ್ ಯೂನಿಟ್‌ಗೆ ಹೋಗಿ ಸಂಬಂಧಪಟ್ಟ ಆದೇಶ ಕೊಡಿ. ಕಾರಿನ ಹಿಂಭಾಗದಿಂದ ಮೋಟರುಗಳ ಗುಂಯ್‌ಗುಡುವ ಸದ್ದು ಕೇಳುತ್ತದೆ. ಸಾಮಾನ್ಯವಾಗಿ ಬ್ರೇಕ್ ಬಿಡಿಸಿದಾಗ ಕೇಳುವುದಕ್ಕಿಂತ ಈ ಸದ್ದು ಹೆಚ್ಚು ಹೊತ್ತು ಇರಬೇಕು, ಮತ್ತು ಎಡ ಬಲ ಎರಡೂ ಕಡೆಯಿಂದ ಕೇಳಬೇಕು. ಒಬ್ಬರು ಹಿಂದೆ ನಿಂತು ಕಿವಿಗೊಟ್ಟರೆ ಒಳ್ಳೆಯದು. ಒಂದೇ ಬದಿಯ ಮೋಟರು ಓಡಿದ್ದರೆ ಸ್ಕ್ಯಾನರ್ "ಯಶಸ್ವಿ" ಎಂದು ತೋರಿಸಿದರೂ ಮುಂದುವರಿಯಬೇಡಿ, ದೋಷ ಸಂಕೇತಗಳನ್ನು ಓದಿ ನೋಡಿ.

ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ, ಇಗ್ನಿಷನ್, ಆಕ್ಸಿಲರೇಟರ್ ಮತ್ತು ಪಾರ್ಕಿಂಗ್ ಬ್ರೇಕ್ ಗುಂಡಿಯನ್ನು ಗೊತ್ತಾದ ಕ್ರಮದಲ್ಲಿ ಒತ್ತಿ ಹಿಡಿದು ಈ ಮೋಡ್‌ಗೆ ಹೋಗಬಹುದು, ಇನ್ನು ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಪರದೆಯ ಮೆನುವಿನಲ್ಲೇ ಆಯ್ಕೆ ಇರುತ್ತದೆ. ಆ ಕ್ರಮವನ್ನು ನಿಮ್ಮ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಅದೇ ಕಂಪನಿಯ ಬೇರೊಂದು ಮಾಡೆಲ್‌ನ ವೀಡಿಯೊ ನೋಡಿ ಗುಂಡಿ ಒತ್ತುತ್ತಾ ಹೋಗುವುದು ಅಪಾಯ, ಏಕೆಂದರೆ ಒಂದೇ ಕಂಪನಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ಕ್ರಮ ಬದಲಾಗುತ್ತದೆ.

ಮೋಡ್‌ಗೆ ಹೋದದ್ದು ಖಾತ್ರಿಯಾದ ಮೇಲೆ ಇಗ್ನಿಷನ್ ಅನ್ನು ಆನ್ ಇಡಬೇಕೇ, ಆಫ್ ಮಾಡಬೇಕೇ ಎಂಬುದನ್ನೂ ಕೈಪಿಡಿ ಹೇಳುತ್ತದೆ. ಆಫ್ ಮಾಡಬಹುದಾದರೆ ಮಾಡಿ, ಕೀಲಿಯನ್ನು ಕಾರಿನಿಂದ ದೂರ ಇಡಿ, ಒಳಗೆ ಯಾರೂ ಕೂರದಂತೆ ನೋಡಿಕೊಳ್ಳಿ. ಕ್ಯಾಲಿಪರ್ ಬಿಚ್ಚಿರುವಾಗ ಯಾರಾದರೂ ಗುಂಡಿ ಎಳೆದರೆ ಅಥವಾ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಕೆಲವು ಕಾರುಗಳು ಇಗ್ನಿಷನ್ ಆಫ್ ಆದ ತಕ್ಷಣ ತಾವಾಗಿಯೇ ಪಾರ್ಕಿಂಗ್ ಬ್ರೇಕ್ ಹಾಕಿಕೊಳ್ಳುತ್ತವೆ. ಬಿಸಿಯಾದ ಡಿಸ್ಕ್ ತಣಿದು ಕುಗ್ಗಿದಾಗ ಹಿಡಿತ ಸಡಿಲವಾಗದಿರಲೆಂದು, ನಿಲ್ಲಿಸಿ ಹಲವು ನಿಮಿಷಗಳಾದ ಮೇಲೆ ಮತ್ತೊಮ್ಮೆ ಬಿಗಿ ಮಾಡುವ ವ್ಯವಸ್ಥೆಯೂ ಅನೇಕ ಕಾರುಗಳಲ್ಲಿದೆ. ಟನ್‌ಗಟ್ಟಲೆ ತೂಕದ ಕಾರನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಆ ಬಲಕ್ಕೆ ನಿಮ್ಮ ಬೆರಳು ಸಿಕ್ಕಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಮೋಟರಿನ ಈ ಚಲನೆಗಳನ್ನು ಸರ್ವೀಸ್ ಮೋಡ್ ತಡೆಹಿಡಿಯುತ್ತದೆ.

ಹೈಬ್ರಿಡ್ ಕಾರಿನವರಿಗೆ ಪ್ರತ್ಯೇಕ ಎಚ್ಚರಿಕೆ. ಅವುಗಳಲ್ಲಿ ಕೆಲವದರ ಬ್ರೇಕ್ ವ್ಯವಸ್ಥೆಯು ಚಾಲಕನ ಬಾಗಿಲು ತೆಗೆದ ಮಾತ್ರಕ್ಕೆ ಎಚ್ಚೆತ್ತು ಪಂಪ್ ಓಡಿಸಿ ಒತ್ತಡ ತುಂಬಿಕೊಳ್ಳುತ್ತದೆ. ಅಂಥ ಕಾರುಗಳಲ್ಲಿ ಪಾರ್ಕಿಂಗ್ ಬ್ರೇಕ್‌ನ ಜೊತೆಗೆ ಬ್ರೇಕ್ ನಿಯಂತ್ರಣವನ್ನೂ ನಿಷ್ಕ್ರಿಯಗೊಳಿಸುವ ಪ್ರತ್ಯೇಕ ಕ್ರಮವಿರುತ್ತದೆ, ಅದನ್ನು ಮಾಡದೆ ಕ್ಯಾಲಿಪರ್ ಮುಟ್ಟಬೇಡಿ.

ಹಂತ 4: ಮೇಲೆತ್ತಿ ಚಕ್ರ ತೆಗೆಯುವುದು

ಕೈಪಿಡಿ ತೋರಿಸಿದ ಜಾಗಕ್ಕೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಕಾರಿನ ಭಾರವನ್ನು ಸ್ಟ್ಯಾಂಡ್ ಮೇಲೆ ಇಳಿಸಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಚಕ್ರ ತೆಗೆಯಿರಿ.

ಒಮ್ಮೆಗೆ ಒಂದೇ ಬದಿಯ ಕೆಲಸ ಮಾಡಿ. ಎರಡೂ ಬದಿಯ ಕ್ಯಾಲಿಪರ್ ಬಿಚ್ಚಿಟ್ಟು ಒಂದರ ಪಿಸ್ಟನ್ ಒತ್ತಿದರೆ ಇನ್ನೊಂದರದು ಹೊರಗೆ ಜಿಗಿಯಬಹುದು. ಅಲ್ಲದೆ ಕ್ಲಿಪ್ ಯಾವ ಕಡೆಗೆ ಮುಖ ಮಾಡಿತ್ತು ಎಂಬ ಅನುಮಾನ ಬಂದಾಗ ನೋಡಿಕೊಳ್ಳಲು ಬಿಚ್ಚದ ಇನ್ನೊಂದು ಬದಿ ಇರುತ್ತದೆ.

ಹಂತ 5: ಕ್ಯಾಲಿಪರ್ ಬಿಚ್ಚುವುದು

ಕ್ಯಾಲಿಪರ್ ಅನ್ನು ಸ್ಲೈಡ್ ಪಿನ್‌ಗಳಿಗೆ ಬಿಗಿದಿರುವ ಎರಡು ಬೋಲ್ಟ್‌ಗಳನ್ನು ತೆಗೆಯಬೇಕು. ಬೋಲ್ಟ್ ಜೊತೆಗೆ ಪಿನ್ನೂ ತಿರುಗಿದರೆ ಅದರ ಚಪ್ಪಟೆ ಭಾಗವನ್ನು ತೆಳುವಾದ ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ. ಹಾಗೆಯೇ ತಿರುಗಿಸುತ್ತ ಹೋದರೆ ಪಿನ್‌ನ ರಬ್ಬರ್ ಬೂಟು ತಿರುಚಿ ಹರಿಯುತ್ತದೆ. ಬೂಟು ಎಂದರೆ ಪಿನ್‌ಗೂ ಪಿಸ್ಟನ್‌ಗೂ ದೂಳು, ನೀರು ತಾಗದಂತೆ ಹಾಕಿರುವ ನೆರಿಗೆಯ ರಬ್ಬರ್ ಹೊದಿಕೆ.

ಬಿಚ್ಚಿದ ಕ್ಯಾಲಿಪರ್ ಈಗ ರಬ್ಬರ್ ಹೋಸ್‌ನ ಜೊತೆಗೆ ಮೋಟರಿನ ವೈರಿನಿಂದಲೂ ಬಂಧಿತವಾಗಿದೆ. ಎರಡರ ಮೇಲೂ ಭಾರ ಬೀಳದಂತೆ ಕಾರಿನ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ತಂತಿ ಕಟ್ಟಿ ತೂಗುಹಾಕಿ. ವೈರ್ ಗಿಡ್ಡವಾಗಿ ಕೆಲಸಕ್ಕೆ ಅಡ್ಡ ಬಂದರೆ ಇಗ್ನಿಷನ್ ಆಫ್ ಆಗಿರುವಾಗ ಮಾತ್ರ ಕನೆಕ್ಟರ್ ತೆಗೆಯಿರಿ. ಅದರ ಲಾಕ್ ಸಣ್ಣದು, ಬಿಸಿಲು ಬಿಸಿಗೆ ಪೆಡಸಾಗಿರುತ್ತದೆ. ವೈರ್ ಹಿಡಿದು ಎಳೆದರೆ ಲಾಕ್ ಮುರಿಯುತ್ತದೆ. ಅಗತ್ಯವಿಲ್ಲದಿದ್ದರೆ ಕನೆಕ್ಟರ್ ಮುಟ್ಟದಿರುವುದೇ ಮೇಲು.

ಹಂತ 6: ಹಳೆಯ ಪ್ಯಾಡ್ ಮತ್ತು ಡಿಸ್ಕ್ ನೋಡುವುದು

ಹಳೆಯ ಪ್ಯಾಡ್‌ಗಳನ್ನು ತೆಗೆದ ಕೂಡಲೇ ಎಸೆಯಬೇಡಿ. ಒಳಬದಿಯದನ್ನೂ ಹೊರಬದಿಯದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರ ಸವೆತದಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಸ್ಲೈಡ್ ಪಿನ್ ಅಥವಾ ಪಿಸ್ಟನ್ ಸಲೀಸಾಗಿ ಚಲಿಸುತ್ತಿಲ್ಲ ಎಂದು ಅನುಮಾನಿಸಬೇಕು. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗಿದ್ದರೆ ಅದು ಬ್ರಾಕೆಟ್‌ನಲ್ಲಿ (ಪ್ಯಾಡ್‌ಗಳನ್ನು ಹಿಡಿದಿಡುವ ಲೋಹದ ಚೌಕಟ್ಟಿನಲ್ಲಿ) ಸಿಕ್ಕಿಕೊಂಡಿತ್ತು ಅಥವಾ ಒಂದು ಪಿನ್ ಹಿಡಿದುಕೊಂಡಿತ್ತು. ಕಾರಣ ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಪ್ಯಾಡ್‌ನ ಘರ್ಷಣೆ ಪದರ 2ರಿಂದ 3 ಮಿ.ಮೀ.ಗೆ ಇಳಿದಾಗ ಬದಲಾಯಿಸಬೇಕು ಎಂಬುದು ಸಾಮಾನ್ಯ ಅಳತೆ. ಲೆಕ್ಕಕ್ಕೆ ಬರುವುದು ಹಿಂಬದಿಯ ಲೋಹದ ತಗಡನ್ನು ಬಿಟ್ಟು ಉಳಿದ ದಪ್ಪ ಮಾತ್ರ. ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಅಂಚಿನಲ್ಲೋ ನಡುಭಾಗದಲ್ಲೋ ಅಚ್ಚೊತ್ತಿರುತ್ತಾರೆ, ಮೈಕ್ರೋಮೀಟರ್‌ನಿಂದ ಹಲವು ಕಡೆ ಅಳೆದು ಹೋಲಿಸಿ. ಅಂಚಿನಲ್ಲಿ ಏಣು ಎದ್ದಿರುವುದರಿಂದ ಅಲ್ಲಿ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಪ್ಯಾಡ್ ಉಜ್ಜುವ ಭಾಗದಲ್ಲೇ ಅಳೆಯಬೇಕು. ಬಿರುಕು ಕಂಡರೆ ಅಳತೆಯ ಮಾತೇ ಇಲ್ಲ, ಡಿಸ್ಕ್ ಬದಲಾಯಿಸಬೇಕು.

ಬ್ರೇಕ್‌ನ ದೂಳನ್ನು ಬಾಯಿಂದಾಗಲಿ ಗಾಳಿಯ ಪಂಪ್‌ನಿಂದಾಗಲಿ ಊದಬೇಡಿ. ಅದು ಶ್ವಾಸಕೋಶಕ್ಕೆ ಹಾನಿಕರ. ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿ.

ಹಂತ 7: ಪಿಸ್ಟನ್ ಒಳಗೆ ಒತ್ತುವುದು

ಪಿಸ್ಟನ್‌ನ ಬೂಟು ಹರಿದಿಲ್ಲವೆಂದೂ ಸುತ್ತ ತೇವವಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಹಳೆಯ ಪ್ಯಾಡ್ ಒಂದನ್ನು ಪಿಸ್ಟನ್ ಮುಖಕ್ಕೆ ಅಡ್ಡವಿಟ್ಟು ಕ್ಲಾಂಪ್ ಹಾಕಿ, ನಿಧಾನವಾಗಿ, ನೇರವಾಗಿ ಒತ್ತಿ. ಈ ಬಗೆಯ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಅನ್ನು ತಿರುಗಿಸಬೇಕಿಲ್ಲ. ನಟ್ ನಿಜವಾಗಿಯೂ ಹಿಂದೆ ಹೋಗಿದ್ದರೆ ಪಿಸ್ಟನ್ ಒಂದೇ ಸಮನಾದ, ಮೆತ್ತಗಿನ ಪ್ರತಿರೋಧದೊಂದಿಗೆ ಕೊನೆಯವರೆಗೂ ಹೋಗುತ್ತದೆ, ಏಕೆಂದರೆ ನೀವು ತಳ್ಳುತ್ತಿರುವುದು ಕೇವಲ ದ್ರವವನ್ನು. ನಡುವೆ ಎಲ್ಲಿಯಾದರೂ ಗೋಡೆಗೆ ತಾಗಿದಂತೆ ಥಟ್ಟನೆ ನಿಂತರೆ ಅಲ್ಲಿಗೇ ಬಿಡಿ. ಕ್ಲಾಂಪ್ ಸಡಿಲಿಸಿ, ಸರ್ವೀಸ್ ಮೋಡ್ ಆದೇಶ ಆ ಬದಿಯಲ್ಲಿ ನಿಜಕ್ಕೂ ನಡೆದಿದೆಯೇ ಎಂದು ಮತ್ತೆ ಪರಿಶೀಲಿಸಿ. ಈ ಎರಡು ಬಗೆಯ ಪ್ರತಿರೋಧಗಳ ವ್ಯತ್ಯಾಸ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಬಹುಪಾಲು ಕ್ಯಾಲಿಪರ್‌ಗಳು ಹಾಳಾಗುವುದು ಅದನ್ನು ತಿಳಿದೂ ಇನ್ನೊಂದು ಸುತ್ತು ಬಿಗಿದಾಗ.

ಒತ್ತುವಾಗ ನಡುನಡುವೆ ಬಾನೆಟ್ ಬಳಿಗೆ ಹೋಗಿ ಡಬ್ಬಿಯ ಮಟ್ಟ ತುಂಬಿ ಹರಿಯುತ್ತಿಲ್ಲವೇ ನೋಡಿ.

ಹಂತ 8: ಬ್ರಾಕೆಟ್, ಕ್ಲಿಪ್ ಮತ್ತು ಪಿನ್

ಪ್ಯಾಡ್‌ನ ಕಿವಿಗಳು ಕೂರುವ ಬ್ರಾಕೆಟ್‌ನ ತೋಡುಗಳಲ್ಲಿ, ಕ್ಲಿಪ್‌ನ ಅಡಿಯಲ್ಲಿ, ತುಕ್ಕು ಸೇರಿಕೊಂಡು ಕ್ಲಿಪ್ಪನ್ನು ಎತ್ತಿ ಹಿಡಿದಿರುತ್ತದೆ. ಮೇಲಿನಿಂದ ನೋಡಿದರೆ ಕ್ಲಿಪ್ ಚೆನ್ನಾಗಿಯೇ ಇದೆ ಎನಿಸುತ್ತದೆ, ಆದರೆ ಹೊಸ ಪ್ಯಾಡ್ ತೂರುವಾಗ ಬಿಗಿಯಾಗುತ್ತದೆ. ಹಳೆಯ ಕ್ಲಿಪ್ ತೆಗೆದು ಆ ಜಾಗವನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವಂತೆ ಉಜ್ಜಿ, ಹೊಸ ಕ್ಲಿಪ್ ಹಾಕಿ.

ಸ್ಲೈಡ್ ಪಿನ್‌ಗಳನ್ನು ಎಳೆದು, ಒರೆಸಿ, ರಬ್ಬರ್‌ಗೆ ಹಾನಿ ಮಾಡದ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ ಹಾಕಿ. ಮೇಲಿನ ಪಿನ್ನೂ ಕೆಳಗಿನದೂ ಕೆಲವೊಮ್ಮೆ ಬೇರೆ ಬೇರೆ, ಒಂದರ ತುದಿಗೆ ರಬ್ಬರ್ ಬಳೆ ಇರುತ್ತದೆ, ಅದಲುಬದಲು ಮಾಡಬೇಡಿ. ಗ್ರೀಸ್ ಸುರಿದರೆ ಒಳ್ಳೆಯದೆಂಬ ಭಾವನೆ ಬೇಡ. ಹೆಚ್ಚಾದದ್ದು ಪಿನ್‌ನ ರಂಧ್ರದಲ್ಲಿ ಗಾಳಿಯನ್ನು ಸೆರೆಹಿಡಿದು ಪಿನ್ ಹಿಂದಕ್ಕೆ ತಳ್ಳುವಂತೆ ಮಾಡುತ್ತದೆ, ಡಿಸ್ಕ್‌ಗೋ ಪ್ಯಾಡ್‌ಗೋ ತಾಗಿದರೆ ಬ್ರೇಕ್ ಹಿಡಿಯುವುದೇ ಇಲ್ಲ.

ಹಂತ 9: ಹೊಸ ಪ್ಯಾಡ್ ಕೂರಿಸುವುದು

ಒಳಬದಿಯ ಪ್ಯಾಡ್ ಮತ್ತು ಹೊರಬದಿಯ ಪ್ಯಾಡ್ ಒಂದೇ ರೀತಿ ಕಂಡರೂ ಒಂದೇ ಅಲ್ಲದಿರಬಹುದು. ಸವೆತದ ಸೂಚಕವಾಗಿ ಕೀರಲು ಸದ್ದು ಮಾಡುವ ಪುಟ್ಟ ಲೋಹದ ನಾಲಿಗೆ ಯಾವ ಪ್ಯಾಡ್‌ನಲ್ಲಿದೆ, ಅದು ಯಾವ ಕಡೆಗೆ ಬರಬೇಕು ಎಂಬುದನ್ನು ಬಿಚ್ಚದ ಬದಿ ನೋಡಿ ಅಥವಾ ಕೈಪಿಡಿ ನೋಡಿ ನಿರ್ಧರಿಸಿ. ವೈರ್ ಇರುವ ಸೆನ್ಸರ್ ಇದ್ದರೆ ಅದನ್ನು ಹಳೆಯ ದಾರಿಯಲ್ಲೇ ಒಯ್ಯಿರಿ. ಪ್ಯಾಡ್ ತೋಡಿನಲ್ಲಿ ಬೆರಳಿನ ಬಲಕ್ಕೆ ಜಾರಬೇಕು. ಸುತ್ತಿಗೆ ಬೇಕಾಯಿತು ಎಂದರೆ ತೋಡು ಸ್ವಚ್ಛವಾಗಿಲ್ಲ, ಇಲ್ಲವೇ ಪ್ಯಾಡ್ ಈ ಕಾರಿನದಲ್ಲ.

ಹಂತ 10: ಮುಚ್ಚುವುದು

ಕ್ಯಾಲಿಪರ್ ಅನ್ನು ಪ್ಯಾಡ್‌ಗಳ ಮೇಲೆ ಕೂರಿಸಿ, ಬೋಲ್ಟ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ, ನಂತರ ಟಾರ್ಕ್ ವ್ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿ ಮಾಡಿ. ಈ ಬೋಲ್ಟ್‌ಗಳ ಬಿಗಿತ ಅನೇಕರು ಊಹಿಸುವುದಕ್ಕಿಂತ ಕಡಿಮೆ. ಚಕ್ರದ ನಟ್‌ನಂತೆ ಮೈಭಾರ ಹಾಕಿ ಬಿಗಿದರೆ ಥ್ರೆಡ್ ಹೋಗುತ್ತದೆ. ಕನೆಕ್ಟರ್ ತೆಗೆದಿದ್ದರೆ ಲಾಕ್ ಕೂತ ಸದ್ದು ಕೇಳುವವರೆಗೆ ಒತ್ತಿ. ಹೋಸ್ ತಿರುಚಿಲ್ಲ, ವೈರ್ ಚಕ್ರಕ್ಕೆ ತಾಗುವುದಿಲ್ಲ ಎಂದು ನೋಡಿ. ನಂತರ ಇನ್ನೊಂದು ಬದಿಗೆ ಹೋಗಿ 5ರಿಂದ 10ರವರೆಗಿನ ಹಂತಗಳನ್ನು ಪುನರಾವರ್ತಿಸಿ.

ಹಂತ 11: ಪೆಡಲ್, ಆಮೇಲೆ ಮೋಟರು

ಎರಡೂ ಬದಿ ಮುಚ್ಚಿದ ಮೇಲೆ ಬ್ರೇಕ್ ಪೆಡಲನ್ನು ನಿಧಾನವಾಗಿ, ಅರ್ಧದಷ್ಟು ಆಳಕ್ಕೆ, ಹಲವು ಸಲ ಒತ್ತಿ. ಮೊದಲು ಅದು ಹಿಡಿತವಿಲ್ಲದೆ ಇಳಿಯುತ್ತದೆ, ಪಿಸ್ಟನ್ ಮುಂದೆ ಬಂದು ಪ್ಯಾಡ್ ಡಿಸ್ಕ್‌ಗೆ ತಾಗಿದಂತೆ ಗಟ್ಟಿಯಾಗುತ್ತದೆ. ಕೈಪಿಡಿ ಬೇರೆ ಕ್ರಮ ಹೇಳದಿದ್ದರೆ, ಪೆಡಲ್ ಗಟ್ಟಿಯಾದ ನಂತರವೇ ಸ್ಕ್ಯಾನರ್‌ನಿಂದ ಸರ್ವೀಸ್ ಮೋಡ್ ಮುಗಿಸುವ ಆದೇಶ ಕೊಡಿ. ಮೋಟರುಗಳು ಓಡಿ ನಟ್ಟನ್ನು ಪಿಸ್ಟನ್ ಬಳಿಗೆ ತಂದು, ಹೊಸ ಪ್ಯಾಡ್‌ನ ದಪ್ಪಕ್ಕೆ ಹೊಂದಿಕೊಳ್ಳುತ್ತವೆ. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಕೆಲವು ಕಾರುಗಳಲ್ಲಿ ಇದು ಪ್ರತ್ಯೇಕ ಆದೇಶ. ಆಮೇಲೆ ಗುಂಡಿಯಿಂದ ಪಾರ್ಕಿಂಗ್ ಬ್ರೇಕನ್ನು ಕೆಲವು ಸಲ ಹಾಕಿ ಬಿಡಿಸಿ, ಬಿಡಿಸಿದಾಗ ಎರಡೂ ಬದಿಯ ಡಿಸ್ಕ್ ಕೈಯಿಂದ ತಿರುಗುತ್ತವೆಯೇ ನೋಡಿ. ಪ್ಯಾಡ್ ತುಸು ಉಜ್ಜುವ ಸದ್ದು ಸಹಜ, ಡಿಸ್ಕ್ ಕದಲದಿದ್ದರೆ ಸಹಜವಲ್ಲ.

ದೋಷ ಸಂಕೇತಗಳನ್ನು ಓದಿ, ಅಳಿಸಿ, ಮತ್ತೆ ಓದಿ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಉಳಿದಿದ್ದರೆ ಚಕ್ರ ಹಾಕುವ ಮುನ್ನವೇ ಕಾರಣ ಹುಡುಕಬೇಕು. ಹೆಚ್ಚಿನ ಸಲ ಅದು ಸರಿಯಾಗಿ ಕೂರದ ಕನೆಕ್ಟರ್ ಅಥವಾ ಪೂರ್ಣಗೊಳ್ಳದ ಕ್ಯಾಲಿಬ್ರೇಷನ್ ಆಗಿರುತ್ತದೆ.

ಹಂತ 12: ಚಕ್ರ, ಪರೀಕ್ಷೆ, ಪ್ಯಾಡ್ ಪಳಗಿಸುವುದು

ಚಕ್ರ ಹಾಕಿ, ಕಾರನ್ನು ಇಳಿಸಿ, ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ ಟಾರ್ಕ್ ವ್ರೆಂಚ್‌ನಿಂದ ಬಿಗಿ ಮಾಡಿ. ಬ್ರೇಕ್ ಆಯಿಲ್ ಮಟ್ಟ ಸರಿಪಡಿಸಿ. ಸೇರಿಸಬೇಕಾದರೆ ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ, ಒಡೆಯದ ಹೊಸ ಬಾಟಲಿಯಿಂದ ಹಾಕಿ. ಡಾಟ್ 4 ದರ್ಜೆಯ ದ್ರವಕ್ಕೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು, ತೇವ ಹೀರಿದ ಮೇಲಿನ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ತೆರೆದಿಟ್ಟ ಹಳೆಯ ಬಾಟಲಿ ಯಾಕೆ ಬೇಡ ಎಂಬುದಕ್ಕೆ ಈ ಅಂತರವೇ ಕಾರಣ. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಇದರ ಜೊತೆ ಎಂದೂ ಬೆರೆಸಬಾರದು, ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆಯೇ ಬಗೆಯದು.

ಜನರಿಲ್ಲದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಕಾರು ಚಲಿಸಿ ಬ್ರೇಕ್ ಒತ್ತಿ ನೋಡಿ. ಹಿಡಿತ ಸರಿಯಿದ್ದರೆ ಪ್ಯಾಡ್ ಪಳಗಿಸುವ ಕೆಲಸ ಆರಂಭಿಸಿ. ಹೊಸ ಪ್ಯಾಡ್‌ನ ಪದರ ಡಿಸ್ಕ್ ಮೇಲೆ ಸಮನಾಗಿ ಹರಡಿಕೊಳ್ಳಲು, ಮಧ್ಯಮ ವೇಗದಿಂದ ನಿಧಾನ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಸಾಧಾರಣ ಬಲದಿಂದ ಹಲವಾರು ಸಲ ಬ್ರೇಕ್ ಹಾಕಬೇಕು, ನಡುವೆ ತಣಿಯಲು ಸ್ವಲ್ಪ ದೂರ ಓಡಿಸಬೇಕು. ಪ್ಯಾಡ್ ತಯಾರಕರು ನಿರ್ದಿಷ್ಟ ಕ್ರಮ ಕೊಟ್ಟಿದ್ದರೆ ಅದೇ ಅಂತಿಮ. ಪಳಗಿಸಿದ ಕೂಡಲೇ, ಡಿಸ್ಕ್ ಬಿಸಿಯಿರುವಾಗ, ಪಾರ್ಕಿಂಗ್ ಬ್ರೇಕ್ ಹಾಕಿ ನಿಲ್ಲಿಸಬೇಡಿ. ತಣಿದ ನಂತರ ಸಣ್ಣ ಇಳಿಜಾರಿನಲ್ಲಿ ಅದರ ಹಿಡಿತವನ್ನು, ಕಾಲು ಪೆಡಲ್ ಬಳಿಯೇ ಇಟ್ಟುಕೊಂಡು, ಪರೀಕ್ಷಿಸಿ.

ಸರ್ವೀಸ್ ಮೋಡ್ ಸಿಗದಿದ್ದರೆ?

ಮೋಟರಿನ ಕನೆಕ್ಟರ್‌ಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟು ನಟ್ಟನ್ನು ಹಿಂದಕ್ಕೆ ತರುವ ಉಪಾಯ ಬಹಳ ಪ್ರಚಾರದಲ್ಲಿದೆ. ನಾನು ಇದನ್ನು ಸಲಹೆ ಮಾಡುವುದಿಲ್ಲ. ಕಂಟ್ರೋಲ್ ಯೂನಿಟ್ ಕರೆಂಟಿನ ಏರಿಕೆ ನೋಡಿ ಮೋಟರನ್ನು ನಿಲ್ಲಿಸುತ್ತದೆ, ನಿಮ್ಮ ಕೈಯಲ್ಲಿರುವ ಎರಡು ವೈರ್‌ಗಳಿಗೆ ಆ ವಿವೇಚನೆಯಿಲ್ಲ. ಕ್ಷಣ ಹೆಚ್ಚಾದರೆ ನಟ್ ಹಿಂದಿನ ತುದಿಗೆ ಹೋಗಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮೋಟರಿಗೆ ಅದನ್ನು ಬಿಡಿಸಲಾಗದು. ವೈರ್ ಅದಲುಬದಲಾದರೆ ಪಿಸ್ಟನ್ ಹೊರಗೆ ಬರುತ್ತದೆ.

ಇನ್ನೊಂದು ದಾರಿ, ಮೋಟರನ್ನು ಹಿಡಿದಿರುವ ಸ್ಕ್ರೂಗಳನ್ನು ಬಿಚ್ಚಿ, ಅದನ್ನು ಕಳಚಿ, ಒಳಗೆ ಕಾಣುವ ಸ್ಪಿಂಡಲ್‌ನ ತುದಿಯನ್ನು ಕೈಯಿಂದ ತಿರುಗಿಸುವುದು. ಮೋಟರು ಬ್ರೇಕ್ ಆಯಿಲ್ ಇರುವ ಭಾಗದ ಹೊರಗೆ ಇರುವುದರಿಂದ ದ್ರವ ಸೋರುವುದಿಲ್ಲ. ಮೋಟರು ಸುಟ್ಟುಹೋಗಿ ಚಕ್ರ ಬಿಗಿದು ನಿಂತಾಗ ಇದು ನಿಜಕ್ಕೂ ಉಪಯುಕ್ತ. ಆದರೆ ಬಿಗಿ ಎನಿಸಿದ ಕೂಡಲೇ ಕೈ ನಿಲ್ಲಿಸಬೇಕು, ಮೋಟರಿನ ರಬ್ಬರ್ ಸೀಲ್ ಸ್ವಚ್ಛವಾಗಿ ಮರಳಿ ಕೂರಬೇಕು, ಇಲ್ಲದಿದ್ದರೆ ನೀರು ಸೇರಿ ಗಿಯರ್ ತುಕ್ಕು ಹಿಡಿಯುತ್ತದೆ. ಹೀಗೆ ಮಾಡಿದರೂ ಕೊನೆಗೆ ದೋಷ ಅಳಿಸಲು, ಕ್ಯಾಲಿಬ್ರೇಷನ್ ಮಾಡಲು ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಬೇಕೇ ಬೇಕು. ಸ್ಕ್ಯಾನರ್ ಇಲ್ಲದವರು ವರ್ಕ್‌ಶಾಪ್‌ಗೆ ಹೋಗುವುದು ಅಗ್ಗ.

ಕೆಲಸ ಮುಗಿದ ನಂತರದ ಮೊದಲ ಕೆಲವು ಓಡಾಟಗಳಲ್ಲಿ, ಕಾರು ನಿಲ್ಲಿಸಿ ಇಳಿದಾಗ ಹಿಂದಿನ ಎರಡೂ ಚಕ್ರಗಳ ಬಳಿ ಕೈ ಹಿಡಿದು ಶಾಖ ಹೋಲಿಸಿ, ಡಿಸ್ಕ್ ಮುಟ್ಟಬೇಡಿ. ಒಂದು ಬದಿ ಮಾತ್ರ ಎದ್ದು ತಿಳಿಯುವಷ್ಟು ಬಿಸಿಯಾಗಿದ್ದರೆ ಆ ಬದಿಯ ಪ್ಯಾಡ್ ಬಿಡುತ್ತಿಲ್ಲ ಎಂದರ್ಥ. ಕಾರನ್ನು ಮತ್ತೆ ಓಡಿಸದೆ, ಹಂತ 8ರಿಂದ ಪರಿಶೀಲನೆ ಆರಂಭಿಸಿ. ಕ್ಯಾಲಿಪರ್ ತೆರೆಯುವ ಮುನ್ನ ಸರ್ವೀಸ್ ಮೋಡ್‌ಗೆ ಮತ್ತೆ ಹೋಗಬೇಕು.